ಸ್ವಿಚ್ ಬೋರ್ಡ್ ಒಳಗೆ ಯಾವ ರೇಡಿಯೋ? ಓಪನ್ ಸ್ಟ್ಯಾಂಡರ್ಡ್ ಮತ್ತು ಪ್ರೊಪ್ರೈಟರಿ ನಡುವೆ ಆರಿಸಿಕೊಳ್ಳುವ ಬಗೆ

ಮನೆ ಆಟೋಮೇಶನ್‌ಗೆ ಹಾರ್ಡ್‌ವೇರ್ ಮಾಡಬೇಕು ಅಂತ ಹೊರಟವರೆಲ್ಲ ಮೊದಲ ವಾರದಲ್ಲೇ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಸ್ವಿಚ್‌ಗಳು ತಂತಿಯಿಲ್ಲದೆ ಮಾತಾಡಿಕೊಳ್ಳಲು ಜಿಗ್ಬೀ ಎಂಬ ಸ್ಟ್ಯಾಂಡರ್ಡ್ ಹಾಕೋದಾ, ವೈಫೈ ಸಾಕಾ, ಇಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ ಅಗ್ಗದ ರೇಡಿಯೋ ಮಾಡ್ಯೂಲ್ ತಂದು ಪ್ರೋಟೋಕಾಲನ್ನು (ಸಾಧನಗಳು ಮಾತಾಡುವ ನಿಯಮವನ್ನು) ನಾವೇ ಬರೆದುಬಿಡೋದಾ? ಹೆಚ್ಚಿನವರು ಬೆಲೆ ನೋಡುತ್ತಾರೆ, ರೇಂಜ್ ನೋಡುತ್ತಾರೆ, ತೀರ್ಮಾನ ಮಾಡಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಬೇರೆಯವರು ಕೇಳಿದಾಗ ಮೊದಲು ಒಂದೇ ಮಾತು ಹೇಳುತ್ತೇನೆ: ನಿಮ್ಮ ಬೋರ್ಡಿನ ಜುಟ್ಟು ಯಾರ ಕೈಯಲ್ಲಿರುತ್ತದೆ ಅಂತ ನೋಡಿಕೊಳ್ಳಿ. ಬೆಲೆ, ರೇಂಜ್ ಆಮೇಲೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಮೊದಲ ಬ್ಯಾಚ್ ಸ್ವಿಚ್ ಮಾಡ್ಯೂಲ್‌ಗಳಿಗೆ ಒಂದು ಕಂಪನಿಯ ಸ್ವಂತದ್ದಾದ, ಅಂದರೆ ಪ್ರೊಪ್ರೈಟರಿ, ಮೆಶ್ (ಸಾಧನಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸುವ ಜಾಲ) ಇದ್ದ ಮಾಡ್ಯೂಲ್ ಹಾಕಿದ್ದೆವು. ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಆ ವಿಷಯದಲ್ಲಿ ದೂರಿಲ್ಲ. ಎರಡು ದಿನದಲ್ಲಿ ಡೆಮೊ ರೆಡಿ ಆಗಿತ್ತು. ಮೂರು ವರ್ಷದ ಮೇಲೆ ಒಂದು ಇಮೇಲ್ ಬಂತು: ಈ ಮಾಡ್ಯೂಲ್ ನಿಲ್ಲಿಸುತ್ತಿದ್ದೇವೆ, ಬೇಕಾದಷ್ಟು ಈಗಲೇ ತೆಗೆದುಕೊಳ್ಳಿ, ಹೊಸದರಲ್ಲಿ ಹಳೆಯ ಮೆಶ್ ಇರುವುದಿಲ್ಲ. ನಮ್ಮ ಬೋರ್ಡ್‌ಗಳು ಅಷ್ಟರಲ್ಲಿ ಜನರ ಮನೆ ಗೋಡೆಯೊಳಗೆ ಸೇರಿಬಿಟ್ಟಿದ್ದವು. ಒಂದು ಮನೆಯಲ್ಲಿ ಹದಿನಾಲ್ಕು ಬೋರ್ಡ್‌ಗಳಲ್ಲಿ ಒಂದು ಸಿಡಿಲಿಗೆ ಸುಟ್ಟುಹೋದರೆ ಅದರ ಬದಲಿಗೆ ಹಾಕಲು ನಮ್ಮ ಹತ್ತಿರ ಏನೂ ಇರಲಿಲ್ಲ. ಹೊಸ ಬೋರ್ಡ್ ಹಾಕಿದರೆ ಹಳೆಯ ಹದಿಮೂರರ ಜೊತೆ ಅದು ಮಾತಾಡುವುದಿಲ್ಲ. ಕೊನೆಗೆ ಹದಿನಾಲ್ಕನ್ನೂ ನಮ್ಮ ಖರ್ಚಿನಲ್ಲೇ ಬದಲಾಯಿಸಿದೆವು. ಆ ಮನೆಯ ಅಜ್ಜಿ ಪ್ರತಿ ಸಲ ಕಾಫಿ ಕೊಟ್ಟು, "ಹಳೇ ಸ್ವಿಚ್ಚೇ ಚೆನ್ನಾಗಿತ್ತಲ್ವೇನಪ್ಪಾ" ಅಂತ ಮೆತ್ತಗೆ ಕೇಳುತ್ತಿದ್ದರು.

ಫೋನ್ ಮೂರು ವರ್ಷಕ್ಕೆ ಹೋಗುತ್ತದೆ. ಸ್ವಿಚ್ ಬೋರ್ಡ್ ಹದಿನೈದು ವರ್ಷ ಗೋಡೆಯಲ್ಲೇ ಇರುತ್ತದೆ. ಈ ಲೇಖನದಲ್ಲಿ ನಾನು ಹೋಲಿಸುವುದೆಲ್ಲ ಆ ಹದಿನೈದು ವರ್ಷದ ಲೆಕ್ಕದಲ್ಲಿ.

"ಓಪನ್" ಅಂದರೆ ಎಷ್ಟು ಓಪನ್?

ಇಲ್ಲೇ ಜನ ಜಾಸ್ತಿ ಎಡವುವುದು. ಓಪನ್ ಎನ್ನುವ ಒಂದು ಪದದ ಹಿಂದೆ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಸ್ಪೆಸಿಫಿಕೇಶನ್ ಓದಲು ಸಿಗುತ್ತದೆಯೇ, ಚಿಪ್ ಒಂದಕ್ಕಿಂತ ಹೆಚ್ಚು ಕಂಪನಿಗಳಲ್ಲಿ ಸಿಗುತ್ತದೆಯೇ, ಅದರ ಮೇಲೆ ಓಡುವ ಸ್ಟ್ಯಾಕ್‌ನ, ಅಂದರೆ ಪ್ರೋಟೋಕಾಲ್ ನಡೆಸುವ ಸಾಫ್ಟ್‌ವೇರ್‌ನ, ಸೋರ್ಸ್ ಕೋಡ್ ಕೈಗೆ ಬರುತ್ತದೆಯೇ, ಲೋಗೋ ಹಾಕಿ ಮಾರಲು ಯಾರಿಗೆ ಎಷ್ಟು ದುಡ್ಡು ಕಟ್ಟಬೇಕು. ಈ ನಾಲ್ಕಕ್ಕೂ "ಓಪನ್" ಎಂದೇ ಉತ್ತರ ಬರುವ ಸ್ಟ್ಯಾಂಡರ್ಡ್ ನನಗಂತೂ ಸಿಕ್ಕಿಲ್ಲ.

ಜಿಗ್ಬೀಯನ್ನೇ ತೆಗೆದುಕೊಳ್ಳಿ. ಸ್ಪೆಸಿಫಿಕೇಶನ್ ಡೌನ್‌ಲೋಡ್ ಮಾಡಿ ಓದಬಹುದು. ಚಿಪ್‌ಗಳು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಸಿಲಿಕಾನ್ ಲ್ಯಾಬ್ಸ್, ಎನ್‌ಎಕ್ಸ್‌ಪಿ, ನಾರ್ಡಿಕ್, ಎಸ್ಪ್ರೆಸಿಫ್ ಹೀಗೆ ಬೇಕಾದಷ್ಟು ಕಡೆ ಸಿಗುತ್ತವೆ. ಆದರೆ ಸ್ಟ್ಯಾಕ್ ಬಹಳ ಸಲ ಕಂಪೈಲ್ ಮಾಡಿದ ಲೈಬ್ರರಿಯಾಗಿ ಬರುತ್ತದೆ, ಒಳಗೆ ಇಣುಕಿ ನೋಡಲು ಆಗುವುದಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಜಿಗ್ಬೀಯನ್ನು ನೋಡಿಕೊಳ್ಳುವ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲಯನ್ಸ್‌ನ ಸದಸ್ಯರಾಗಬೇಕು. ಆದ್ದರಿಂದ ಯಾರಾದರೂ "ಇದು ಪೂರ್ತಿ ಓಪನ್" ಅಂದರೆ, ನಾಲ್ಕರಲ್ಲಿ ಯಾವುದು ಅಂತ ಕೇಳಿ.

ಜಿಗ್ಬೀ

ಇದಕ್ಕೆ ಅಡಿಪಾಯ ಐಇಇಇ 802.15.4 ಎಂಬ ರೇಡಿಯೋ ಸ್ಟ್ಯಾಂಡರ್ಡ್, ಅದು ಬಂದದ್ದು 2003ರಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 250 ಕಿಲೋಬಿಟ್, ಹದಿನಾರು ಚಾನೆಲ್‌ಗಳು, 11ರಿಂದ 26ರವರೆಗೆ. ಇಪ್ಪತ್ತು ವರ್ಷ ಜನರ ಮನೆಗಳಲ್ಲಿ ಪಳಗಿದ ತಂತ್ರಜ್ಞಾನ. ಲೈಟ್, ಪ್ಲಗ್, ಬಾಗಿಲಿನ ಸೆನ್ಸರ್ ಏನೇ ಮಾಡಿದರೂ ಅದಕ್ಕೆ ಸಿದ್ಧವಾದ ಕ್ಲಸ್ಟರ್, ಅಂದರೆ ಎಲ್ಲರೂ ಒಪ್ಪಿಕೊಂಡ ಆಜ್ಞೆಗಳ ಗುಂಪು, ಇದೆ. ನೀವು ಆನ್/ಆಫ್ ಕ್ಲಸ್ಟರನ್ನು ಸರಿಯಾಗಿ ಬರೆದರೆ ನಾಳೆ ನಿಮ್ಮ ಕಂಪನಿ ಇಲ್ಲದಿದ್ದರೂ ಇನ್ನೊಬ್ಬರ ಹಬ್ (ಮನೆಯ ಸಾಧನಗಳನ್ನೆಲ್ಲ ನಡೆಸುವ ಪೆಟ್ಟಿಗೆ) ನಿಮ್ಮ ಸ್ವಿಚ್ ಹಾಕುತ್ತದೆ, ಆರಿಸುತ್ತದೆ. ನನಗೆ ಜಿಗ್ಬೀ ಇಷ್ಟವಾಗುವುದು ಇದೇ ಕಾರಣಕ್ಕೆ. ಹೋಮ್ ಅಸಿಸ್ಟೆಂಟ್ ಮತ್ತು ಜಿಗ್ಬೀ2ಎಂಕ್ಯೂಟಿಟಿ ಎಂಬ ಉಚಿತ ಸಾಫ್ಟ್‌ವೇರ್‌ಗಳನ್ನು ಬಳಸುವವರು ಈಗ ನಮ್ಮಲ್ಲೂ ಇದ್ದಾರೆ. ಒಂದು ಯುಎಸ್‌ಬಿ ಡಾಂಗಲ್ ಇದ್ದರೆ ಸಾಕು, ಬೇರೆ ಬೇರೆ ಕಂಪನಿಗಳ ಸಾಮಾನು ಒಂದೇ ಸೂರಿನಡಿ ಬರುತ್ತದೆ.

ಆದರೆ ಒಂದು ಕಿವಿಮಾತು. ಓಪನ್ ಸ್ಟ್ಯಾಂಡರ್ಡ್ ಒಳಗೇ ಮುಚ್ಚಿದ ಡಬ್ಬಿ ಇಡಲು ಜಿಗ್ಬೀ ಅವಕಾಶ ಕೊಡುತ್ತದೆ. ತಯಾರಕರು ತಮ್ಮದೇ ಕ್ಲಸ್ಟರ್ ಸೇರಿಸಬಹುದು. ತುಯಾ ಎಂಬ ಕಂಪನಿಯ ವ್ಯವಸ್ಥೆ ಆಧರಿಸಿದ ಎಷ್ಟೋ ಸಾಧನಗಳು 0xಇಎಫ್00 ಎಂಬ ಕ್ಲಸ್ಟರ್ ಮೂಲಕ ತಮ್ಮದೇ ಭಾಷೆಯಲ್ಲಿ ಡೇಟಾ ಕಳಿಸುತ್ತವೆ. ಅದನ್ನು ಓದಲು ಜಿಗ್ಬೀ2ಎಂಕ್ಯೂಟಿಟಿಯವರು ಸಾಧನಕ್ಕೊಂದು ಕನ್ವರ್ಟರ್ ಬರೆಯಬೇಕಾಗುತ್ತದೆ. ರೆಫರೆನ್ಸ್ ಡಿಸೈನ್ (ಬೇರೆಯವರ ಸಿದ್ಧ ವಿನ್ಯಾಸ) ಕೊಂಡು ನಿಮ್ಮ ಹೆಸರು ಹಾಕಿ ಮಾರುವುದಾದರೆ, ಒಳಗೆ ಸ್ಟ್ಯಾಂಡರ್ಡ್ ಕ್ಲಸ್ಟರ್ ಇದೆಯೋ ಸ್ವಂತದ್ದೋ ಅಂತ ಸ್ನಿಫರ್ (ಗಾಳಿಯಲ್ಲಿ ಹೋಗುವ ಪ್ಯಾಕೆಟ್ ಹಿಡಿದು ತೋರಿಸುವ ಸಾಧನ) ಹಾಕಿ ನೋಡಿಯೇ ಆರ್ಡರ್ ಕೊಡಿ.

ನಮ್ಮ ಮನೆಗಳಲ್ಲಿ ಜಿಗ್ಬೀಗೆ ಎರಡು ಕಷ್ಟ. ಒಂದು, ವೈಫೈ ಜೊತೆ ಗುದ್ದಾಟ. ವೈಫೈ ರೂಟರ್ 1, 6, 11ನೇ ಚಾನೆಲ್‌ಗಳಲ್ಲಿ ಯಾವುದರಲ್ಲಿದ್ದರೂ ಜಿಗ್ಬೀಯ 25 ಮತ್ತು 26 ಸ್ವಲ್ಪ ಹೊರಗೆ ಉಳಿಯುತ್ತವೆ. 26ರಲ್ಲಿ ಕೆಲವು ಚಿಪ್‌ಗಳು ಪವರ್ ತಗ್ಗಿಸಬೇಕಾಗುತ್ತದೆ, ಆದ್ದರಿಂದ ನಾನು 25 ಇಡುತ್ತೇನೆ. ಇನ್ನೊಂದು ಕಷ್ಟ ಕರೆಂಟ್. ಮೆಶ್‌ನಲ್ಲಿ ಸದಾ ಪವರ್ ಇರುವ ಸಾಧನಗಳೇ ರೂಟರ್ ಆಗಿ ದಾರಿ ಮಾಡಿಕೊಡುವುದು. ಸ್ಮಾರ್ಟ್ ಬಲ್ಬ್ ನಂಬಿ ಮೆಶ್ ಕಟ್ಟಿದರೆ, ಮನೆಯವರು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿದ ಕೂಡಲೇ ಮೆಶ್‌ನಲ್ಲಿ ತೂತು ಬೀಳುತ್ತದೆ. ಬೋರ್ಡ್ ಒಳಗಿನ ಮಾಡ್ಯೂಲ್ ಆದರೆ ಈ ತೊಂದರೆ ಇಲ್ಲ. ನಮ್ಮಲ್ಲಿ ಅದೇ ಬೋರ್ಡ್‌ನಲ್ಲಿ ಸಾಕೆಟ್ ಕೂಡ ಇರುವುದರಿಂದ ನ್ಯೂಟ್ರಲ್ ವೈರ್ ಸಾಮಾನ್ಯವಾಗಿ ಸಿಗುತ್ತದೆ. ಇದು ನಮಗಿರುವ ದೊಡ್ಡ ಅನುಕೂಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಮಹಡಿಯಲ್ಲೂ ಒಂದಾದರೂ ಮಾಡ್ಯೂಲ್ ಯುಪಿಎಸ್ ಲೈನ್ ಮೇಲೆ ಬರುವ ಹಾಗೆ ಎಲೆಕ್ಟ್ರೀಷಿಯನ್‌ಗೆ ಹೇಳಿ. ಕರೆಂಟ್ ಹೋದರೂ ಮೆಶ್ ಉಸಿರಾಡುತ್ತಿರುತ್ತದೆ.

ಝಡ್-ವೇವ್

ಇದೂ ಮನೆ ಸಾಧನಗಳ ಮೆಶ್ ರೇಡಿಯೋ, ಇದರ ಕಥೆಯೇ ಒಂದು ಪಾಠ. ಡೆನ್ಮಾರ್ಕ್‌ನ ಝೆನ್ಸಿಸ್ ಎಂಬ ಕಂಪನಿ ಹುಟ್ಟುಹಾಕಿದ್ದು. 2008ರಲ್ಲಿ ಸಿಗ್ಮಾ ಡಿಸೈನ್ಸ್ ಕೊಂಡುಕೊಂಡಿತು, 2018ರಲ್ಲಿ ಸಿಲಿಕಾನ್ ಲ್ಯಾಬ್ಸ್ 24 ಕೋಟಿ ಡಾಲರ್ ಕೊಟ್ಟು ತೆಗೆದುಕೊಂಡಿತು. ಬಹುಕಾಲ ಚಿಪ್ ಬೇಕೆಂದರೆ ಒಂದೇ ಬಾಗಿಲು ತಟ್ಟಬೇಕಿತ್ತು. 2019ರ ಕೊನೆಗೆ ಬೇರೆ ಚಿಪ್ ತಯಾರಕರಿಗೂ ಬಾಗಿಲು ತೆರೆಯುತ್ತೇವೆ ಎಂಬ ಘೋಷಣೆ ಬಂತು, 2020ರಲ್ಲಿ ಝಡ್-ವೇವ್ ಅಲಯನ್ಸ್ ಸ್ವತಂತ್ರ ಸ್ಟ್ಯಾಂಡರ್ಡ್ ಸಂಸ್ಥೆಯಾಯಿತು. ಈಗ ಟ್ರೈಡೆಂಟ್ ಐಒಟಿಯೂ ಚಿಪ್ ಮಾಡುತ್ತದೆ. ಅಂದರೆ ಮುಚ್ಚಿದ್ದು ನಿಧಾನವಾಗಿ ತೆರೆದುಕೊಂಡ ಉದಾಹರಣೆ ಇದು.

ಒಂದು ಮಾತನ್ನು ಒಪ್ಪಲೇಬೇಕು. ಮುಚ್ಚಿದ್ದ ಕಾಲದಲ್ಲಿ ಝಡ್-ವೇವ್ ಸಾಧನಗಳು ಒಂದಕ್ಕೊಂದು ಹೊಂದಿಕೊಳ್ಳುವುದರಲ್ಲಿ ಆಗಿನ ಜಿಗ್ಬೀಗಿಂತ ವಾಸಿ ಇದ್ದವು. ಒಂದೇ ಚಿಪ್, ಒಂದೇ ಸ್ಟ್ಯಾಕ್, ಸರ್ಟಿಫಿಕೇಶನ್ ಕಡ್ಡಾಯ. ಒಬ್ಬರ ಹಿಡಿತದಲ್ಲಿದ್ದರೆ ಬರುವ ಶಿಸ್ತು ಅದು. 2017ರಿಂದ ಹೊಸ ಸಾಧನಗಳಿಗೆ ಎಸ್2 ಎಂಬ ಭದ್ರತಾ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿದರು.

ಒಂದು ಗಿಗಾಹರ್ಟ್ಸ್‌ಗಿಂತ ಕೆಳಗಿರುವುದರಿಂದ ಗೋಡೆ ದಾಟುವುದರಲ್ಲಿ ಗಟ್ಟಿ. ಆದರೆ ಆ ಕಾರಣಕ್ಕೇ ದೇಶಕ್ಕೊಂದು ಫ್ರೀಕ್ವೆನ್ಸಿ. ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್, ಯುರೋಪಿನಲ್ಲಿ 868.42, ನಮ್ಮಲ್ಲಿ 865.2. ಅಲ್ಲಿಂದ ಬರುವ ಮಗನೋ ತಮ್ಮನೋ ಸೂಟ್‌ಕೇಸಿನಲ್ಲಿ ತಂದ ಸೆನ್ಸರ್ ಇಲ್ಲಿನ ಹಬ್‌ಗೆ ಕಾಣಿಸುವುದೇ ಇಲ್ಲ, ಜೊತೆಗೆ ಇಲ್ಲಿ ಆ ಫ್ರೀಕ್ವೆನ್ಸಿಯಲ್ಲಿ ಬಿತ್ತರಿಸುವಂತೆಯೂ ಇಲ್ಲ. ತಯಾರಕರಿಗೆ ಇದರ ಅರ್ಥ ಏನು ಅಂದರೆ, ರಫ್ತು ಮಾಡುವ ಆಸೆ ಇದ್ದರೆ ಒಂದೊಂದು ಪ್ರದೇಶಕ್ಕೂ ಬೇರೆ ಸ್ಟಾಕ್ ಇಟ್ಟುಕೊಳ್ಳಬೇಕು. ಭಾರತದ ಅಂಗಡಿಗಳಲ್ಲಿ ಝಡ್-ವೇವ್ ಹಬ್ ಸಿಗುವುದೂ ಅಪರೂಪ. ಇಲ್ಲಿನ ಮಾರುಕಟ್ಟೆಗೇ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಥ್ರೆಡ್ ಮತ್ತು ಮ್ಯಾಟರ್

ಇವೆರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಥ್ರೆಡ್ ಎನ್ನುವುದು ನೆಟ್‌ವರ್ಕ್: ಅದೇ 802.15.4 ರೇಡಿಯೋ ಮೇಲೆ ಇಂಟರ್ನೆಟ್‌ನ ವಿಳಾಸ ಪದ್ಧತಿಯಾದ ಐಪಿವಿ6. ಮ್ಯಾಟರ್ ಎನ್ನುವುದು ಅದರ ಮೇಲೆ ಆಡುವ ಭಾಷೆ, ಅದು ಥ್ರೆಡ್ ಮೇಲೂ ಓಡುತ್ತದೆ, ವೈಫೈ ಮೇಲೂ ಓಡುತ್ತದೆ, ಈಥರ್ನೆಟ್ ಮೇಲೂ ಓಡುತ್ತದೆ. ಥ್ರೆಡ್ ಗುಂಪು ಶುರುವಾದದ್ದು 2014ರಲ್ಲಿ. ಓಪನ್‌ಥ್ರೆಡ್ ಹೆಸರಿನಲ್ಲಿ ಪೂರ್ತಿ ಸೋರ್ಸ್ ಕೋಡ್ 2016ರಲ್ಲಿ ಹೊರಬಂತು. ಅಮೆಜಾನ್, ಆಪಲ್, ಗೂಗಲ್ ಮೂವರೂ ಸೇರಿ 2019ರ ಡಿಸೆಂಬರ್‌ನಲ್ಲಿ ಘೋಷಿಸಿದ ಯೋಜನೆ ಮ್ಯಾಟರ್ ಆಗಿ 2022ರ ಅಕ್ಟೋಬರ್‌ನಲ್ಲಿ 1.0 ಕಂಡಿತು. ಅದರ ಎಸ್‌ಡಿಕೆಯೂ (ಸಾಧನ ಮಾಡುವವರಿಗೆ ಬೇಕಾದ ಕೋಡ್) ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ಬಳಸಬಹುದಾದ ಅಪಾಚಿ ಲೈಸೆನ್ಸ್.

ಕೋಡ್ ವಿಷಯದಲ್ಲಿ ಇದಕ್ಕಿಂತ ತೆರೆದದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಒಂದು ಬಗ್ ಬಂದರೆ ನಾನೇ ಕೂತು ಸಾಲು ಸಾಲಾಗಿ ಓದಬಹುದು, ಸರಿಮಾಡಬಹುದು. ಮುಚ್ಚಿದ ಲೈಬ್ರರಿಯ ಬಗ್‌ಗೆ ಆರು ವಾರ ಕಾದವರಿಗೆ ಇದರ ಬೆಲೆ ಗೊತ್ತು.

ಆದರೆ ಮಾರಾಟದ ಬಾಗಿಲು ಬಿಗಿಯಾಗಿದೆ. ಪ್ರತಿ ಸಾಧನದೊಳಗೂ ಒಂದು ಅಟೆಸ್ಟೇಶನ್ ಸರ್ಟಿಫಿಕೇಟ್ ಇರಬೇಕು, "ನಾನು ಅಸಲಿ" ಎಂದು ಅದು ಹಬ್‌ಗೆ ತೋರಿಸಬೇಕು. ಅದಿಲ್ಲದಿದ್ದರೆ ಫೋನ್ ಎಚ್ಚರಿಕೆ ತೋರಿಸುತ್ತದೆ, ಕೆಲವು ಕಡೆ ಸೇರಿಸಿಕೊಳ್ಳುವುದೇ ಇಲ್ಲ. ಪ್ರಯೋಗಕ್ಕೆ ಟೆಸ್ಟ್ ವೆಂಡರ್ ಐಡಿಗಳಿವೆ, ಅವುಗಳಲ್ಲಿ ಮನೆಯಲ್ಲಿ ಬೇಕಾದಷ್ಟು ಆಡಬಹುದು, ಮಾರುವಂತಿಲ್ಲ. ಮೆಮೊರಿಯೂ ಜಾಸ್ತಿ ಬೇಕು. ಹಳೆಯ ಜಿಗ್ಬೀ ಚಿಪ್ ಸಿಸಿ2530ರಲ್ಲಿ ಇದ್ದದ್ದು 256 ಕೆಬಿ ಫ್ಲ್ಯಾಶ್, 8 ಕೆಬಿ ರ್‍ಯಾಮ್. ಮ್ಯಾಟರ್‌ಗೆ ಜನ ಬಳಸುವ ಎನ್‌ಆರ್‌ಎಫ್52840ರಲ್ಲಿ 1 ಎಂಬಿ ಫ್ಲ್ಯಾಶ್, 256 ಕೆಬಿ ರ್‍ಯಾಮ್. ಅಷ್ಟು ದೂರ ಬಂದಿದ್ದೇವೆ.

ಮತ್ತೊಂದು, ಥ್ರೆಡ್‌ಗೆ ಬಾರ್ಡರ್ ರೂಟರ್, ಅಂದರೆ ಅದನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸುವ ಸಾಧನ, ಬೇಕು. ಆಪಲ್‌ನ ಹೋಮ್‌ಪಾಡ್ ಮಿನಿ ಸ್ಪೀಕರ್‌ನಲ್ಲಿ ಅದಿದೆ, ಆದರೆ ಸ್ಮಾರ್ಟ್ ಸ್ಪೀಕರ್ ಅಂದಮಾತ್ರಕ್ಕೆ ಎಲ್ಲದರಲ್ಲೂ ಇರುವುದಿಲ್ಲ. ನಿಮ್ಮ ಗ್ರಾಹಕರ ಮನೆಯಲ್ಲಿ ಏನಿದೆ ಅಂತ ನೋಡದೆ ಥ್ರೆಡ್ ಸ್ವಿಚ್ ಮಾರಿದರೆ, "ನಿಮ್ಮ ಸ್ವಿಚ್ ಫೋನಿಗೆ ಸೇರುತ್ತಿಲ್ಲ" ಅಂತ ಫೋನ್ ಬರುತ್ತಲೇ ಇರುತ್ತದೆ. ಸದ್ಯಕ್ಕೆ ನಮ್ಮ ಕಡೆಯ ಮನೆಗಳಿಗೆ ವೈಫೈ ಮೇಲಿನ ಮ್ಯಾಟರ್ ಸುಲಭ. ಅಥವಾ ಒಳಗೆ ಜಿಗ್ಬೀ ಇಟ್ಟುಕೊಂಡು ಒಂದು ಬ್ರಿಡ್ಜ್ (ಒಂದರ ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುವ ಪೆಟ್ಟಿಗೆ) ಮೂಲಕ ಮ್ಯಾಟರ್‌ಗೆ ತೋರಿಸಿ. ಆಗ ಸರ್ಟಿಫಿಕೇಶನ್ ತಲೆನೋವು ಬಹುಪಾಲು ಬ್ರಿಡ್ಜ್ ಒಂದಕ್ಕೇ ನಿಲ್ಲುತ್ತದೆ.

ಬರೀ ವೈಫೈ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಇಎಸ್‌ಪಿ32 ಎಂಬ ವೈಫೈ ಚಿಪ್ ಅಗ್ಗ, ಹಬ್ ಬೇಡ, ಇಎಸ್‌ಪಿಹೋಮ್ ಎಂಬ ಸಿದ್ಧ ಫರ್ಮ್‌ವೇರ್ ಹಾಕಿದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ಎಂಟು ಹತ್ತು ಸಾಧನಗಳಿಗೆ ಇದೇ ಸಾಕು. ಇಂಟರ್ನೆಟ್ ಕನೆಕ್ಷನ್ ಜೊತೆ ಪುಕ್ಕಟೆ ಬಂದ ರೂಟರ್ ಮೇಲೆ ನಲವತ್ತು ಹೇರಿದರೆ, ಕರೆಂಟ್ ಹೋಗಿ ಬಂದಾಗ ಎಲ್ಲವೂ ಒಟ್ಟಿಗೆ ಬಾಗಿಲು ಬಡಿಯುತ್ತವೆ, ಅದು ಸುಸ್ತಾಗುತ್ತದೆ. ಬ್ಯಾಟರಿ ಸೆನ್ಸರ್‌ಗೆ ವೈಫೈ ಬೇಡ.

ಇನ್ನು ಪ್ರೊಪ್ರೈಟರಿ ಕಡೆ ಬರೋಣ

ಮುಚ್ಚಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಲೈಟ್ ಕಂಟ್ರೋಲ್ ಮಾಡುವ ಲುಟ್ರಾನ್ ಕಂಪನಿಯ ಕ್ಲಿಯರ್ ಕನೆಕ್ಟ್ ನೋಡಿ. ಅವರದ್ದೇ ರೇಡಿಯೋ, 434 ಮೆಗಾಹರ್ಟ್ಸ್ ಆಸುಪಾಸು, ಗಿಜಿಗುಡುವ 2.4ರಿಂದ ದೂರ. ಗುಂಡಿ ಒತ್ತಿದರೆ ಲೈಟ್ ಹತ್ತಲೇಬೇಕು ಎನ್ನುವ ವಿಷಯದಲ್ಲಿ ಅಮೆರಿಕದ ಇನ್‌ಸ್ಟಾಲರ್‌ಗಳು ಅದರ ಮೇಲೆ ಇಟ್ಟಿರುವ ನಂಬಿಕೆ ದೊಡ್ಡದು. ಎರಡೂ ತುದಿ ಒಬ್ಬರ ಕೈಯಲ್ಲಿದ್ದು, ಅವರು ಜವಾಬ್ದಾರಿಯಿಂದ ನಡೆದುಕೊಂಡರೆ ಹೀಗೂ ಆಗುತ್ತದೆ.

ಇನ್ನೊಂದು ಮುಖ ಇನ್‌ಸ್ಟಿಯಾನ್ ಎಂಬ ಮನೆ ಆಟೋಮೇಶನ್ ಕಂಪನಿ. 2022ರ ಏಪ್ರಿಲ್‌ನಲ್ಲಿ ಅದರ ಸರ್ವರ್‌ಗಳು ಮುನ್ಸೂಚನೆ ಇಲ್ಲದೆ ನಿಂತವು. ಕ್ಲೌಡ್ ನೆಚ್ಚಿಕೊಂಡಿದ್ದವರ ಹಬ್‌ಗಳು ಮಾತು ನಿಲ್ಲಿಸಿದವು. ಅದನ್ನು ಬಳಸುತ್ತಿದ್ದವರೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಮತ್ತೆ ಎಬ್ಬಿಸಿದರು, ಅದು ಅವರ ಅದೃಷ್ಟ. ಅದಕ್ಕೂ ಮೊದಲು 2016ರಲ್ಲಿ ರಿವಾಲ್ವ್ ಹಬ್ ಹೀಗೇ ನಿಂತಿತ್ತು. ಆ ಹಬ್ ಒಳಗೆ ಝಡ್-ವೇವ್ ರೇಡಿಯೋನೂ ಇತ್ತು, ಹಾರ್ಡ್‌ವೇರ್ ಸರಿಯಾಗೇ ಇತ್ತು. ರೇಡಿಯೋ ಯಾವುದಾದರೂ ಇರಲಿ, ಕ್ಲೌಡ್ ಇಲ್ಲದೆ ಲೋಕಲ್ ಆಗಿ ಓಡದಿದ್ದರೆ ಜುಟ್ಟು ಬೇರೆಯವರ ಕೈಯಲ್ಲೇ.

ನಮ್ಮ ಮಟ್ಟಕ್ಕೆ ಬಂದರೆ ಹೆಚ್ಚು ಜನ ಕೈಹಾಕುವುದು ಎನ್‌ಆರ್‌ಎಫ್24ಎಲ್01 ಪ್ಲಸ್ ಎಂಬ ರೇಡಿಯೋ ಚಿಪ್‌ಗೆ. ಅಗ್ಗ, ಕಲಿಯಲು ಸುಲಭ. ಒಂದು ಪ್ಯಾಕೆಟ್‌ಗೆ 32 ಬೈಟ್, ಆರು ಪೈಪ್ (ಒಟ್ಟಿಗೆ ಕೇಳಬಲ್ಲ ವಿಳಾಸಗಳು). ಪವರ್ ಪಿನ್‌ಗಳ ಮೇಲೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕದೆ ಒದ್ದಾಡಿದವರ ಸಂಖ್ಯೆಗೆ ಲೆಕ್ಕವೇ ಇಲ್ಲ. ಆದರೆ ಪ್ರಾಡಕ್ಟ್ ಒಳಗೆ ಹಾಕುವ ಮೊದಲು ಎರಡು ಸಂಗತಿ ತಿಳಿದಿರಲಿ.

ಮೊದಲನೆಯದು ನಕಲಿ ಚಿಪ್. ಪ್ಯಾಕೆಟ್ ಹೆಡರ್‌ನಲ್ಲಿ ಉತ್ತರ ಬೇಕೋ ಬೇಡವೋ ಎಂದು ಹೇಳುವ ಒಂದು ಬಿಟ್ ಇದೆ. ಅಸಲಿ ಚಿಪ್ ಆ ಬಿಟ್ಟನ್ನು ಡೇಟಾಶೀಟ್‌ನಲ್ಲಿ ಬರೆದಿರುವುದಕ್ಕೆ ಉಲ್ಟಾ ಕಳಿಸುತ್ತದೆ. ಕೆಲವು ನಕಲು ಚಿಪ್‌ಗಳನ್ನು ಡೇಟಾಶೀಟ್ ನೋಡಿ ಮಾಡಿದ್ದಾರೆ. ಹಾಗಾಗಿ ನಕಲಿ-ನಕಲಿ ಮಾತಾಡುತ್ತವೆ, ಅಸಲಿ-ಅಸಲಿ ಮಾತಾಡುತ್ತವೆ, ಒಂದು ಅಸಲಿ ಒಂದು ನಕಲಿ ಆದರೆ ಡೇಟಾ ಹೋದರೂ ಉತ್ತರ ಬರದೆ ಸುಮ್ನೆ ಮತ್ತೆ ಮತ್ತೆ ಕಳಿಸುತ್ತಿರುತ್ತವೆ. ಬೆಂಚ್ ಮೇಲೆ ಒಂದೇ ಲಾಟ್‌ನ ಎರಡು ಮಾಡ್ಯೂಲ್ ಇಟ್ಟು ನೋಡಿದಾಗ ಎಲ್ಲ ಸರಿ. ಎರಡನೇ ಲಾಟ್ ಬಂದಾಗ ಗೊತ್ತಾಗುವುದು. ಸ್ಟ್ಯಾಂಡರ್ಡ್ ಅಂತ ಒಂದು ಪುಸ್ತಕ, ಅದನ್ನು ಪರೀಕ್ಷೆ ಮಾಡುವ ಒಂದು ಲ್ಯಾಬ್ ಇಲ್ಲದಿದ್ದರೆ, ಆ ಒಂದು ಚಿಪ್ ಹೇಗೆ ನಡೆದುಕೊಳ್ಳುತ್ತದೋ ಅದೇ ನಿಯಮ ಆಗಿಬಿಡುತ್ತದೆ.

ಎರಡನೆಯದು ಚಾನೆಲ್. "ವೈಫೈ ಕಾಟ ಬೇಡ ಅಂದರೆ ಚಾನೆಲ್ 108 ಇಡಿ" ಅಂತ ಟ್ಯುಟೋರಿಯಲ್‌ಗಳಲ್ಲಿ ಬರೆದಿರುತ್ತಾರೆ. 2400ಕ್ಕೆ 108 ಕೂಡಿಸಿ, 2508 ಮೆಗಾಹರ್ಟ್ಸ್. ನಮ್ಮಲ್ಲಿ ಲೈಸೆನ್ಸ್ ಬೇಡದ ಪಟ್ಟಿ 2483.5ಕ್ಕೆ ಮುಗಿಯುತ್ತದೆ. ಚಿಪ್ ಮಾಡುತ್ತದೆ ಅಂದಮಾತ್ರಕ್ಕೆ ನಾವು ಮಾಡಬಹುದು ಅಂತಲ್ಲ. ದಯವಿಟ್ಟು 80ರೊಳಗೇ ಇರಿ.

ಗೂಢಲಿಪಿಯೂ ಈ ಚಿಪ್‌ನಲ್ಲಿ ಇಲ್ಲ, ನೀವೇ ಬರೆಯಬೇಕು. 433 ಮೆಗಾಹರ್ಟ್ಸ್‌ನ ಅಗ್ಗದ ರಿಮೋಟ್‌ಗಳದ್ದೂ ಇದೇ ಕಥೆ: ಪ್ರತಿ ಸಲ ಒಂದೇ ಕೋಡ್, ಪಕ್ಕದವರು ಹಿಡಿದು ಮತ್ತೆ ಬಿತ್ತರಿಸಿದರೆ ನಿಮ್ಮ ಗೇಟ್ ತೆರೆಯುತ್ತದೆ. ಗೇಟ್, ಬೀಗ, ಮೋಟಾರ್ ಇವುಗಳಿಗೆ ಅದನ್ನು ಹಾಕಲೇಬೇಡಿ.

ಇಎಸ್‌ಪಿ-ನೌ ಇವೆಲ್ಲಕ್ಕಿಂತ ಮೇಲು. ಎಸ್ಪ್ರೆಸಿಫ್‌ನ ಸ್ವಂತ ಪ್ರೋಟೋಕಾಲ್, ವೈಫೈ ರೇಡಿಯೋ ಮೇಲೇ ಓಡುತ್ತದೆ, ರೂಟರ್‌ಗೆ ಸೇರುವ ಗೋಜಿಲ್ಲ, ಮೊದಲ ಆವೃತ್ತಿಯಲ್ಲಿ ಪ್ಯಾಕೆಟ್‌ಗೆ 250 ಬೈಟ್. ಎದ್ದು, ಕಳಿಸಿ, ಮಲಗುವ ಬ್ಯಾಟರಿ ಸೆನ್ಸರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಸೂಕ್ಷ್ಮ ಇದೆ. ಗೇಟ್‌ವೇ ಬೋರ್ಡ್ ಮನೆಯ ವೈಫೈಗೂ ಸೇರಿದ್ದರೆ ರೂಟರ್ ಯಾವ ಚಾನೆಲ್‌ನಲ್ಲಿದೆಯೋ ಅದೇ ಚಾನೆಲ್‌ನಲ್ಲಿರುತ್ತದೆ. ಕರೆಂಟ್ ಹೋಗಿ ಬಂದು ರೂಟರ್ 6ರಿಂದ 11ಕ್ಕೆ ಹಾರಿತು ಅನ್ನಿ, ಸೆನ್ಸರ್‌ಗಳು 6ರಲ್ಲೇ ಕೂಗುತ್ತಿರುತ್ತವೆ, ಕೇಳುವವರಿಲ್ಲ. ಉತ್ತರ ಬರದಿದ್ದರೆ ಎಲ್ಲ ಚಾನೆಲ್ ಹುಡುಕುವ ಕೋಡ್ ಮೊದಲ ದಿನವೇ ಬರೆದಿಡಿ.

ಸಂಪು, ಟ್ಯಾಂಕು ಮತ್ತು ಮೂರು ಮಹಡಿ

ಪ್ರೊಪ್ರೈಟರಿ ಗೆದ್ದ ಒಂದು ಕಡೆ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಸಂಪು ಮುಂದಿನ ಕಾಂಪೌಂಡ್‌ನಲ್ಲಿ, ಟ್ಯಾಂಕ್ ಮೂರನೇ ಮಹಡಿಯ ಮೇಲೆ. ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಬೇಕು, ಅಷ್ಟೇ. ಮೊದಲು ಜಿಗ್ಬೀ ಸೆನ್ಸರ್ ಇಟ್ಟೆ. ಖಾಲಿ ಟ್ಯಾಂಕ್ ಇದ್ದಾಗ ಸಿಗ್ನಲ್ ಬರುತ್ತಿತ್ತು, ತುಂಬಿದ ಮೇಲೆ ಹೋಗುತ್ತಿತ್ತು. ಸಾವಿರ ಲೀಟರ್ ನೀರು ಸೆನ್ಸರ್‌ಗೂ ಮೆಟ್ಟಿಲ ಬಾಗಿಲಿಗೂ ಮಧ್ಯೆ ನಿಂತಿರುತ್ತಿತ್ತು, 2.4 ಗಿಗಾಹರ್ಟ್ಸ್‌ಗೆ ನೀರು ದೊಡ್ಡ ಶತ್ರು. ಮೋಟಾರ್ ನಿಲ್ಲಿಸಬೇಕಾದ ಹೊತ್ತಿಗೇ ಸುದ್ದಿ ಬರುವುದಿಲ್ಲ. ಜೊತೆಗೆ ಮೂರು ಆರ್‌ಸಿಸಿ ಸ್ಲ್ಯಾಬ್, ಕೆಳಗೆ ಮೋಟಾರ್ ಸ್ಟಾರ್ಟರ್‌ನ ತಗಡಿನ ಡಬ್ಬಿ.

865 ಮೆಗಾಹರ್ಟ್ಸ್‌ನ ಲೋರಾ (ಸ್ವಲ್ಪ ಡೇಟಾವನ್ನು ಬಹಳ ದೂರ ಕಳಿಸುವ ರೇಡಿಯೋ) ಮಾಡ್ಯೂಲ್ ಎರಡು ತಂದೆ, ಒಂದು ಮೇಲೆ ಒಂದು ಕೆಳಗೆ. ಆಂಟೆನಾ ಅಂದರೆ ಸುಮಾರು ಎಂಟೂವರೆ ಸೆಂಟಿಮೀಟರ್ ವೈರ್, ಡಬ್ಬಿಯ ಹೊರಗೆ ನೆಟ್ಟಗೆ. ಸೆನ್ಸರನ್ನು ಟ್ಯಾಂಕಿನ ಬದಿಯಿಂದ ತೆಗೆದು ಮುಚ್ಚಳದ ಮೇಲಕ್ಕೆ ಸರಿಸಿದೆ. ಅವತ್ತಿನಿಂದ ಒಂದು ಸಂದೇಶವೂ ತಪ್ಪಿಲ್ಲ. ಲೋರಾ ಮಾಡ್ಯುಲೇಶನ್ ಸೆಮ್‌ಟೆಕ್ ಎಂಬ ಕಂಪನಿಯ ಸ್ವತ್ತು. ಅದರ ಮೇಲಿನ ಲೋರಾವ್ಯಾನ್ ಓಪನ್ ಸ್ಟ್ಯಾಂಡರ್ಡ್, ಆದರೆ ಎರಡೇ ತುದಿಗೆ ಗೇಟ್‌ವೇ, ಸರ್ವರ್ ಎಲ್ಲ ಯಾಕೆ ಅಂತ ನಾನೇ ಹದಿನಾರು ಬೈಟ್‌ನ ಪ್ಯಾಕೆಟ್ ಬರೆದುಕೊಂಡೆ. ಒಂದು ಏರುತ್ತಾ ಹೋಗುವ ಕೌಂಟರ್, ಎಇಎಸ್ ಗೂಢಲಿಪಿಯ ಕೀಲಿ. ಇಪ್ಪತ್ತು ನಿಮಿಷ ಸುದ್ದಿ ಬರದಿದ್ದರೆ ಮೋಟಾರ್ ತಾನೇ ನಿಲ್ಲುತ್ತದೆ. ಹಳೆಯ ಕೈ ಸ್ವಿಚ್ ಹಾಗೇ ಉಳಿಸಿದ್ದೇನೆ.

ಇಲ್ಲಿ ಮುಚ್ಚಿದ್ದು ನಡೆಯುತ್ತದೆ ಯಾಕೆ ಅಂದರೆ, ಎರಡೂ ತುದಿ ಒಂದೇ ಡಬ್ಬಿಯಲ್ಲಿ ಮಾರಾಟವಾಗುತ್ತವೆ. ಕೆಟ್ಟರೆ ಜೋಡಿಯಾಗಿಯೇ ಬದಲಾಗುತ್ತವೆ. ಬೇರೆ ಯಾರ ಸಾಧನವೂ ಇದರ ಜೊತೆ ಮಾತಾಡಬೇಕಿಲ್ಲ. ಮನೆಯ ಆ್ಯಪ್‌ನಲ್ಲಿ ನೀರಿನ ಮಟ್ಟ ಕಾಣಬೇಕು ಅಂದರೆ ಕೆಳಗಿನ ಬೋರ್ಡ್‌ನಿಂದ ಎಂಕ್ಯೂಟಿಟಿ ಎಂಬ ಓಪನ್ ಸಂದೇಶ ಪ್ರೋಟೋಕಾಲ್ ಮೂಲಕ ಹೊರಗೆ ಕೊಟ್ಟರಾಯಿತು. ಜೋಡಿ ಒಳಗೆ ಏನು ಬೇಕಾದರೂ ಮಾತಾಡಿಕೊಳ್ಳಲಿ, ಹೊರಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿ.

ಕಾನೂನು ಮತ್ತು ಖರ್ಚು

ಓಪನ್ ಆದರೂ ಮುಚ್ಚಿದ್ದಾದರೂ ಮಾರುವ ಮುಂಚೆ ಡಬ್ಲ್ಯೂಪಿಸಿ (ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ) ಕಡೆಯ ಇಟಿಎ, ಅಂದರೆ ಉಪಕರಣದ ಮಾದರಿಗೆ ಒಪ್ಪಿಗೆ ಬೇಕು. ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ಲ್ಯಾಬ್‌ನ ಆರ್‌ಎಫ್ ರಿಪೋರ್ಟ್. ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಪಟ್ಟಿ ಮೊದಲು 867ರವರೆಗಿತ್ತು, 2021ರಲ್ಲಿ 868ರವರೆಗೆ ವಿಸ್ತರಿಸಿದರು. ಆನ್‌ಲೈನ್‌ನಲ್ಲಿ 915 ಅಂತ ಮಾರುವ ಮಾಡ್ಯೂಲ್ ನಮ್ಮ ದೇಶಕ್ಕಲ್ಲ.

ಸ್ಟ್ಯಾಂಡರ್ಡ್‌ನ ಲೋಗೋ ಬೇಕಾದರೆ ಮೇಲೆ ಬೇರೆ ಖರ್ಚು. ಸದಸ್ಯತ್ವಕ್ಕೇ ವರ್ಷಕ್ಕೆ ಸಾವಿರಾರು ಡಾಲರ್, ಆಮೇಲೆ ಲ್ಯಾಬ್ ಶುಲ್ಕ. ಲೆಕ್ಕಕ್ಕೆ ಒಟ್ಟು 10 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. 200 ಪೀಸ್ ಮಾಡುವವರಿಗೆ ಒಂದಕ್ಕೆ 5,000 ಬೀಳುತ್ತದೆ, ಆಗದ ಮಾತು. 20,000 ಪೀಸ್ ಮಾಡುವವರಿಗೆ ಬರೀ 50. ಚಿಕ್ಕವರು ಪ್ರೊಪ್ರೈಟರಿ ಕಡೆ ವಾಲುವುದಕ್ಕೆ ನಿಜವಾದ ಕಾರಣ ಇದೇ, ಅವರನ್ನು ದೂರುವಂತಿಲ್ಲ. ಇದಕ್ಕೊಂದು ನಡುವಿನ ದಾರಿ ಇದೆ: ಮೊದಲ ಬ್ಯಾಚ್‌ಗೆ 802.15.4 ಇರುವ ಚಿಪ್ ಹಾಕಿ, ಇಎಸ್‌ಪಿ32-ಸಿ6 ಥರದ್ದು. ಅದರಲ್ಲಿ ವೈಫೈ, ಬ್ಲೂಟೂತ್, 802.15.4 ಮೂರೂ ಇದೆ. ಇವತ್ತು ವೈಫೈ ಮೇಲೆ ಎಂಕ್ಯೂಟಿಟಿ ಓಡಿಸಿ ಮಾರಿ, ವ್ಯಾಪಾರ ಕುದುರಿದ ಮೇಲೆ ಅದೇ ಬೋರ್ಡ್‌ಗೆ ಮ್ಯಾಟರ್ ಫರ್ಮ್‌ವೇರ್ ಬರೆದು ಸರ್ಟಿಫಿಕೇಟ್‌ಗೆ ಹೋಗಿ. ಪಿಸಿಬಿ ಬದಲಾಗುವುದಿಲ್ಲ. ಫ್ಲ್ಯಾಶ್ ಮಾತ್ರ ಮೊದಲೇ ದೊಡ್ಡದು ತೆಗೆದುಕೊಳ್ಳಿ, ಅಲ್ಲಿ ಹತ್ತು ರೂಪಾಯಿ ಉಳಿಸಲು ಹೋಗಬೇಡಿ.

ನಾನಾದರೆ ಏನು ಹಾಕುತ್ತೇನೆ

ಗೋಡೆಯೊಳಗಿನ ಸ್ವಿಚ್, ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಅಂದರೆ ಜಿಗ್ಬೀ, ಸ್ಟ್ಯಾಂಡರ್ಡ್ ಕ್ಲಸ್ಟರ್ ಮಾತ್ರ. ದೊಡ್ಡ ಸಂಖ್ಯೆಯಲ್ಲಿ ಅಂಗಡಿಗೆ ಹೋಗುವ ಪ್ಲಗ್ ಆದರೆ ವೈಫೈ ಮೇಲಿನ ಮ್ಯಾಟರ್. ತೋಟದ ಮನೆ, ಬೋರ್‌ವೆಲ್, ಟ್ಯಾಂಕ್ ಥರದ ದೂರದ ಜೋಡಿಗೆ ಲೋರಾ. ಒಂದೇ ಮನೆಗೆ, ನಾನೇ ನೋಡಿಕೊಳ್ಳುವ ಸೆನ್ಸರ್‌ಗಳಿಗೆ ಇಎಸ್‌ಪಿ-ನೌ. ಇನ್ನೊಂದು ಕಂಪನಿಯ ಮುಚ್ಚಿದ ಮೆಶ್ ಮಾಡ್ಯೂಲ್ ಗೋಡೆಯೊಳಗೆ ಹೋಗುವ ಯಾವುದಕ್ಕೂ ಹಾಕುವುದಿಲ್ಲ. ಯಾರಾದರೂ ಬಹಳ ಒಳ್ಳೆ ಬೆಲೆಗೆ ಕೊಡುತ್ತೇವೆ ಅಂದರೆ ಎರಡು ಮಾತು ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ: ಎಷ್ಟು ವರ್ಷ ಪೂರೈಸುತ್ತೀರಿ, ನಿಲ್ಲಿಸಿದರೆ ಸ್ಟ್ಯಾಕ್‌ನ ಸೋರ್ಸ್ ನಮಗೆ ಕೊಡುತ್ತೀರಾ.

ಯಾವುದನ್ನು ಆರಿಸಿದರೂ, ಆರ್ಡರ್ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಡೆವಲಪ್‌ಮೆಂಟ್ ಬೋರ್ಡನ್ನು ಮೇಜಿನ ಮೇಲಿಟ್ಟು ಅಳೆಯಬೇಡಿ. ನಮ್ಮ ಗೋಡೆಗಳಲ್ಲಿ ಇರುವುದು ಜಿಐ ಬಾಕ್ಸ್, ನಾಲ್ಕು ಬದಿ ಮತ್ತು ಹಿಂದೆ ತಗಡು, ಸಿಗ್ನಲ್ ಹೊರಬರುವುದು ಮುಂದಿನ ಪ್ಲಾಸ್ಟಿಕ್ ಪ್ಲೇಟಿನಿಂದ ಮಾತ್ರ. ಒಂದು ಬಾಕ್ಸ್ ಕೊಂಡು, ಒಳಗೆ ವೈರ್ ತುಂಬಿ, ಆಂಟೆನಾ ಪ್ಲೇಟಿನ ಕಡೆ ಮುಖ ಮಾಡಿರುವ ಹಾಗೆ ಬೋರ್ಡ್ ಕೂರಿಸಿ, ಪ್ಲೇಟ್ ಮುಚ್ಚಿ, ಅಡುಗೆಮನೆಯಲ್ಲಿ ಫ್ರಿಜ್ ಹಿಂದೆ ಇಡಿ. ಮಿಕ್ಸಿ ಹಾಕಿ. ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ, ಯಾರೂ ಮುಟ್ಟದೆ ಎಲ್ಲ ಸಾಧನಗಳೂ ವಾಪಸ್ ಬರುತ್ತವೆಯೇ ನೋಡಿ. ಹೀಗೆ ಹತ್ತು ಸಲ. ಒಂಬತ್ತು ಸಲ ಬಂದು ಒಂದು ಸಲ ಬರದಿದ್ದರೆ ಇನ್ನೂ ಬೋರ್ಡ್ ಆರ್ಡರ್ ಕೊಡುವ ಹೊತ್ತು ಬಂದಿಲ್ಲ.